ಪಡುವಿನ ಗೋಡೆ

ಆ ಫೇಸ್‌ಬುಕ್ ಗುಂಪಿಗೆ ಹೊಸದಾಗಿ ಸೇರಿದವರು ಮೊದಲು ತಮ್ಮ ಪರಿಚಯ ಹೇಳಿಕೊಳ್ಳಬೇಕೆಂದು ನಿಯಮವಿತ್ತು. ಗುಂಪು ಆಂಟಿಗಾ ದ್ವೀಪದ್ದು. ಕೆರಿಬಿಯನ್ ಸಮುದ್ರದ ಆ ದ್ವೀಪಕ್ಕೆ ಗಂಟುಮೂಟೆ ಕಟ್ಟಿಕೊಂಡು ಹೋಗಿ ನೆಲೆಸಿದವರು, ಹೊರಟು ನಿಂತವರು, ಹೋಗದೆಯೇ ಮನಸ್ಸಿನಲ್ಲಿ ಮಂಡಿಗೆ ತಿನ್ನುತ್ತಿದ್ದವರು, ಎಲ್ಲ ಅದರಲ್ಲಿದ್ದರು. ಒಬ್ಬ ಇಂಗ್ಲಿಷಿನವಳು ತನ್ನ ಪರಿಚಯವನ್ನು ನಾಯಿಯಿಂದ ಶುರು ಮಾಡಿದ್ದಳು. ನಾಯಿಯ ಹೆಸರು, ಅದರ ತಳಿ, ಅದಕ್ಕೆ ವಿಮಾನವೆಂದರೆ ಭಯ ಇತ್ಯಾದಿ. ಗಂಡನ ವಿಷಯ ಕೊನೆಯ ಸಾಲಿನಲ್ಲಿತ್ತು. ನಮ್ಮಲ್ಲಿ ಪರಿಚಯ ಹೀಗಲ್ಲ. ಊರು ಯಾವುದು, ಮನೆ ಎಲ್ಲಿ, ಯಾರ ಮಗಳು, ಯಾರ ಸೊಸೆ, ಇಷ್ಟು ಇತ್ಯರ್ಥವಾದ ಮೇಲೆ ಹೆಸರು ಕೇಳಿದರೆ ಕೇಳಿಯಾರು, ಇಲ್ಲದಿದ್ದರೆ ಅದೂ ಇಲ್ಲ.

ನಾನು ಎರಡೂ ಅಲ್ಲದ ಹಾಗೆ ಬರೆದೆ. ನನ್ನ ಹೆಸರು ಮುಬೀನ. ಗಂಡ ಶಹೀರ್, ಅಬುಧಾಬಿಯಲ್ಲಿ ಸಮುದ್ರದ ನೀರನ್ನು ಸಿಹಿನೀರು ಮಾಡುವ ಪ್ಲಾಂಟಿನಲ್ಲಿ ಆಪರೇಟರ್. ಈಗ ನಿಮ್ಮ ದ್ವೀಪದ ಅಂಥದೇ ಪ್ಲಾಂಟಿನಲ್ಲಿ ಕೆಲಸ ಸಿಕ್ಕಿದೆ. ಮೂಲ ಊರು ಇಂಡಿಯಾದಲ್ಲಿ ಮಂಗಳೂರಿನ ಹತ್ತಿರದ ಉಳ್ಳಾಲ. ಬಾಡಿಗೆಗೆ ಮನೆ ಬೇಕು. ಮನೆಯಲ್ಲಿ ಇರುವವರು... ಇಲ್ಲಿ ಬಂದು ನನ್ನ ಬೆರಳು ನಿಂತಿತು. ಇಬ್ಬರು ಎಂದು ಬರೆಯುವುದೋ, ಮೂವರು ಎಂದು ಬರೆಯುವುದೋ?

ನನ್ನ ಅತ್ತೆ ಬೀಪಾತುಮ್ಮ ಅಲ್ಲೇ ನೆಲದ ಮೇಲೆ ಕಾಲು ನೀಡಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ನಾವು ಬ್ಯಾರಿಗಳು, ಕರಾವಳಿಯ ಮುಸ್ಲಿಮರು, ಅತ್ತೆಯನ್ನು ಮಾಮಿ ಎನ್ನುತ್ತೇವೆ. ಮನೆಯಲ್ಲಿ ಮಾತೂ ಬ್ಯಾರಿಯೇ. ಓದು ಬರಹ ಕನ್ನಡದಲ್ಲಾದ್ದರಿಂದ ಇಲ್ಲಿ ಎಲ್ಲರ ಬಾಯಿಯಲ್ಲೂ ಕನ್ನಡ ಹಾಕುತ್ತಿದ್ದೇನೆ.

"ಮಾಮಿ, ನಿಮ್ಮದೂ ಬರೆಯಲಾ?"

"ನನ್ನದು ಬರೀಬೇಡ. ನಾನು ಉಳ್ಳಾಲಕ್ಕೆ."

"ಅಲ್ಲಿ ಮಾವಿನ ಮರ ಉಂಟಂತೆ, ಕಡಲು ಉಂಟಂತೆ, ಹಲಸಿನ ಹಾಗಿರುವ ಜೀಗುಜ್ಜೆಯೂ ಉಂಟಂತೆ."

"ಉಳ್ಳಾಲದಲ್ಲಿ ಎಂಥ, ಇಲ್ಲವಾ?" ಎಂದರು ಮಾಮಿ. "ಆಂಟಿಯೂ ಬೇಡ, ಅಂಕಲ್ಲೂ ಬೇಡ. ಕಡಲು ದಾಟಿದ್ದು ಸಾಕು."

ನಾನು 'ಇಬ್ಬರು, ಬಹುಶಃ ಮೂವರು' ಎಂದು ಬರೆದು ಹಾಕಿದೆ. ಆ 'ಬಹುಶಃ' ನನಗೆ ಮೀನಿನ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಯಾಕೆಂದು ಹೇಳಿಬಿಡುತ್ತೇನೆ. ನನಗೆ ಮದುವೆಯಾಗಿ ಬಹಳ ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಮದುವೆ ಮನೆಗೆ ಹೋದರೆ ಬಿರಿಯಾನಿಗಿಂತ ಮೊದಲು ಆ ಪ್ರಶ್ನೆ ಬಡಿಸುತ್ತಿದ್ದರು. ಮಾಮಿ ಮಾತ್ರ ಒಂದು ದಿನ ಕೇಳಿದವರಲ್ಲ. ಬೇರೆಯವರು ಕೇಳಿದರೆ, "ನಿನ್ನ ಮಕ್ಕಳು ನಿನ್ನನ್ನು ನೋಡಿಕೊಳ್ಳುವ ಚಂದ ನೋಡಿಯೇ ಇವಳು ಬೇಡ ಅಂತ ಕೂತಿದ್ದಾಳೆ" ಎಂದು ಬಾಯಿ ಮುಚ್ಚಿಸುತ್ತಿದ್ದರು. ನನ್ನ ಸ್ವಂತ ಉಮ್ಮ, ಅಂದರೆ ತಾಯಿ, ನಾನು ಚಿಕ್ಕವಳಿರುವಾಗಲೇ ತೀರಿಕೊಂಡವಳು. ಗಂಡ ಶಿಫ್ಟಿಗೆ ಹೋದರೆ, ಗುರುತು ಪರಿಚಯವಿಲ್ಲದ ದ್ವೀಪದಲ್ಲಿ ಆ ಉದ್ದದ ಹಗಲನ್ನು ಮಾಮಿಯಿಲ್ಲದೆ ಕಳೆಯುವುದು ಹೇಗೆಂದು ನೆನೆದರೆ ನನಗೆ ಅಳುವೇ ಬರುತ್ತಿತ್ತು.

ಹೋಗದೆ ಇರುವ ಹಾಗೂ ಇರಲಿಲ್ಲ. ಅದು ಎರಡು ಸಾವಿರದ ಹದಿನಾರು. ಎಣ್ಣೆಯ ಬೆಲೆ ಬಿದ್ದು ಅಬುಧಾಬಿಯ ಕಂಪೆನಿಗಳೆಲ್ಲ ಜನರನ್ನು ಕಳಿಸುತ್ತಿದ್ದ ಕಾಲ. ಶಹೀರ್‌ಗೂ ಕಾಗದ ಬಂತು. ಕೆಲಸ ಖಲಾಸ್ ಆದರೆ ವೀಸಾ ಖಲಾಸ್, ಮಗನ ವೀಸಾ ಹೋದರೆ ತಾಯಿಯದೂ ಹೋಗುತ್ತದೆ. ಇದ್ದಲ್ಲೇ ಇರುತ್ತೇನೆ ಎಂದು ಮಾಮಿ ಹೇಳುವ ಹಾಗಿರಲಿಲ್ಲ. ಒಂದೋ ನಮ್ಮ ಜೊತೆ ದ್ವೀಪ, ಇಲ್ಲವೇ ಉಳ್ಳಾಲದಲ್ಲಿ ಮಗಳ ಮನೆ. ನಾದಿನಿ ಒಳ್ಳೆಯವಳೇ. ಮನೆಯೂ ದೊಡ್ಡದು. ದೂರಲಿಕ್ಕೆ ಒಂದು ಕಾರಣ ಸಿಗುತ್ತಿರಲಿಲ್ಲವಲ್ಲ, ಅದೇ ನನ್ನ ಸಿಟ್ಟು.

ಶಹೀರ್‌ನ ಬಾಪ, ಅಂದರೆ ನನ್ನ ಮಾಮ ಯಾಕೂಬ್, ಅಬುಧಾಬಿಯಲ್ಲಿ ನೀರಿನ ಟ್ಯಾಂಕರ್ ಓಡಿಸಿಯೇ ವಯಸ್ಸು ಕಳೆದವರು. ಎರಡು ವರ್ಷಕ್ಕೊಮ್ಮೆ ರಜೆ. ಉಳಿದಂತೆ ಮಾಮಿ ಉಳ್ಳಾಲದಲ್ಲಿ, ಅವರು ಇಲ್ಲಿ. ಶಾಲೆಯಲ್ಲಿ, ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ಯಾರು ಏನು ಕೇಳಿದರೂ ಮಾಮಿಯ ಪರಿಚಯ ಒಂದೇ: "ಗಂಡ ಅಬುಧಾಬಿಯಲ್ಲಿದ್ದಾರೆ." ಶಹೀರ್‌ಗೆ ಕೆಲಸವಾಗಿ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಫ್ಲ್ಯಾಟ್ ಹಿಡಿದ ಮೇಲೆ ಮಾಮಿಯನ್ನು ಕರೆಸಿಕೊಂಡೆವು. ಗಂಡ ಹೆಂಡತಿ ಒಂದೇ ಸೂರಿನಡಿ ವರ್ಷವಿಡೀ ಇರುವುದು ಇಬ್ಬರಿಗೂ ಗೊತ್ತಿಲ್ಲದ ವಿದ್ಯೆ. ಮೊದಮೊದಲು ನೆಂಟರ ಹಾಗೆ ಮಾತಾಡುತ್ತಿದ್ದರು. ಆಮೇಲೆ ಜಗಳ ಆಡತೊಡಗಿದರು, ಆಗ ನಮಗೆ ಸಮಾಧಾನವಾಯಿತು. ಇನ್ನೇನು ಒಬ್ಬರಿಗೊಬ್ಬರು ಅಭ್ಯಾಸವಾದರು ಎನ್ನುವಾಗ ಮಾಮ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ.

ಅವರನ್ನು ಅಬುಧಾಬಿಯ ಹೊರವಲಯದ ಬನಿಯಾಸ್‌ನ ಖಬರಸ್ಥಾನದಲ್ಲಿ ದಫನ ಮಾಡಿದೆವು. ನಮ್ಮವರನ್ನೆಲ್ಲ ಮಲಗಿಸುವ ಹಾಗೆ, ಬಲ ಮಗ್ಗುಲಿಗೆ, ಮುಖ ಮಕ್ಕದ ಕಡೆಗೆ. ಅದಾದ ಮೇಲೆ ಮಾಮಿ ಟೂರಿಸ್ಟ್ ಕ್ಲಬ್‌ನ ಫ್ಲ್ಯಾಟ್ ಬೇಡ, ಬನಿಯಾಸ್‌ಗೆ ಹೋಗುವಾ ಎಂದು ಹಟ ಹಿಡಿದರು. ಬಾಡಿಗೆ ಕಡಿಮೆ ಎಂದು ನಾವೂ ಒಪ್ಪಿದೆವು. ಹಳೆಯ ವಿಲ್ಲಾ ಒಂದರ ಹಿಂಭಾಗದ ಎರಡು ಕೋಣೆ ನಮ್ಮದು, ಖಬರಸ್ಥಾನದಿಂದ ಮೂಡಣಕ್ಕೆ. ಶುಕ್ರವಾರ ಜುಮಾ ಮುಗಿದ ಮೇಲೆ ಶಹೀರ್ ಒಳಗೆ ಹೋಗಿ ಬಾಪನ ಖಬರಿನ ಬಳಿ ದುವಾ ಮಾಡಿ ಬರುವುದು, ಮಾಮಿ ಮತ್ತು ನಾನು ಕಾರಿನಲ್ಲಿ ಏಸಿ ಹಾಕಿಕೊಂಡು ಗೋಡೆ ನೋಡುತ್ತ ಕೂರುವುದು. ಇದು ನಮ್ಮ ವಾರದ ಪದ್ಧತಿ.

ಗುಂಪಿನಲ್ಲಿ ನನ್ನ ಪರಿಚಯಕ್ಕೆ 'ವೆಲ್ಕಂ, ವೆಲ್ಕಂ' ಎಂದು ಹತ್ತಾರು ಜನ ಬರೆದರು. ಕೆಲಸಕ್ಕೆ ಬಂದದ್ದು ಒಂದೇ ಉತ್ತರ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ: "ಉಳ್ಳಾಲದಲ್ಲಿ ಎಲ್ಲಿ ಮಾರಾಯ್ರೆ? ದರ್ಗಾದ ಹತ್ತಿರವಾ, ಮೇಲಂಗಡಿಯಾ?"

ಬರೆದವರು ರುಡೊಲ್ಫ್ ಪಾಯ್ಸ್. ಕಿನ್ನಿಗೋಳಿಯ ಕ್ರಿಶ್ಚಿಯನ್ನರು. ಹಡಗಿನಲ್ಲಿ ಅಡುಗೆಗೆ ಸೇರಿ, ಹಡಗು ಆಂಟಿಗಾದಲ್ಲಿ ನಿಂತಾಗ ಅಲ್ಲಿನ ರೆಸಾರ್ಟ್ ಒಂದರಲ್ಲಿ ಕೆಲಸ ಹಿಡಿದು ಉಳಿದುಬಿಟ್ಟವರು. ದ್ವೀಪದಲ್ಲಿ ಊರಿನ ಮಾತಾಡಲು ಒಂದು ಜೀವ ಇಲ್ಲದೆ ಕಂಗಾಲಾಗಿದ್ದರೆಂದು ಕಾಣುತ್ತದೆ. ನಮ್ಮ ಹೆಸರು ಕಂಡದ್ದೇ, ಬರಗಾಲದಲ್ಲಿ ಮಳೆ ಬಂದಂತಾಯಿತು ಅವರಿಗೆ. ಅಬುಧಾಬಿಯಲ್ಲಿ ಆಗ ವಾಟ್ಸಾಪ್ ಕಾಲ್ 'ಮಾಫಿ', ಅರಬಿಯಲ್ಲಿ ಇಲ್ಲ ಎಂದರ್ಥ, ಬಂದ್ ಮಾಡಿದ್ದರು. ಹಾಗಾಗಿ ಅವರದು ವಾಯ್ಸ್ ಮೆಸೇಜ್. ಒಂದೊಂದು ಮೆಸೇಜು ಒಂದೊಂದು ಹರಿಕಥೆ. ಅಲ್ಲಿನ ಬಂಗುಡೆಗೆ ರುಚಿಯಿಲ್ಲ, ಅಲ್ಲಿನವರಿಗೆ ಕುಚ್ಚಲಕ್ಕಿ ಗೊತ್ತಿಲ್ಲ, ನೀವು ಬರುವಾಗ ಒಂದು ಕಟ್ಟು ಕೋಕಂ ತಂದರೆ ನಿಮಗೆ ಪುಣ್ಯ.

ಮಾಮಿ ದೂರದಲ್ಲಿ ಕೂತ ಹಾಗೆ ಮಾಡಿ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. "ಪೊರ್ಬು ಒಳ್ಳೆ ಜನ" ಎಂದರು. ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಮರ್ಯಾದೆಯಿಂದ ಕರೆಯುವುದೇ ಪೊರ್ಬು ಎಂದು. ನಾನು ಆ ಸಂದು ಹಿಡಿದೆ.

"ಮಾಮಿ, ಪೊರ್ಬುವೇ ಮನೆ ನೋಡ್ತಾರಂತೆ. ನಿಮಗೆ ಹೇಗಿರಬೇಕು ಹೇಳಿ. ಬರುವುದು ಬಿಡುವುದು ಆಮೇಲೆ."

ಮಾಮಿ ಎದುರಿನ ಗೋಡೆಯನ್ನು ಒಮ್ಮೆ ನೋಡಿದರು. ಆಮೇಲೆ ಹೇಳಿದರು, "ಪಡು ಗೋಡೆ ಸರಿ ಇದ್ದರೆ ನೋಡುವಾ."

ಇದನ್ನು ಬಿಡಿಸಿ ಹೇಳಬೇಕು. ನಮ್ಮ ಕರಾವಳಿಯಲ್ಲಿ ಪಡು ಎಂದರೆ ಪಶ್ಚಿಮ, ಮೂಡು ಎಂದರೆ ಪೂರ್ವ. ಪಡುವಿಗೆ ಕಡಲು, ಕಡಲಾಚೆ ಮಕ್ಕ. ನಮಾಝಿಗೆ ನಿಲ್ಲುವುದು ಪಡುವಿಗೆ ಎಂದು ನಮಗೆ ಎದೆಹಾಲಿನ ಜೊತೆಗೇ ಗೊತ್ತು. ಪಡುವಿಗೆ ಕಾಲು ಚಾಚಿ ಮಲಗಬಾರದು, ಪಡುವಿಗೆ ಉಗುಳಬಾರದು, ಕಕ್ಕಸು ಪಡು ಗೋಡೆಗೆ ಇರಬಾರದು. ಮನೆ ಕಟ್ಟುವ ಬ್ಯಾರಿ ಬಾವಿಗಿಂತ ಮೊದಲು ಇದನ್ನು ನೋಡುತ್ತಾನೆ. ಅಬುಧಾಬಿಗೆ ಬಂದರೂ ಮಕ್ಕ ಹೆಚ್ಚುಕಡಿಮೆ ಪಡುವಿಗೇ ಇದ್ದದ್ದರಿಂದ ನಾವು ಆ ವಿಷಯಕ್ಕೆ ತಲೆ ಕೆಡಿಸಿಕೊಳ್ಳುವ ಪ್ರಸಂಗ ಬರಲಿಲ್ಲ. ನಾನು ಮಾಮಿಯ ಷರತ್ತನ್ನು ಹಾಗೇ ರುಡೊಲ್ಫ್‌ರಿಗೆ ದಾಟಿಸಿದೆ: ಒಂದು ಕೋಣೆಗೆ ಪಡು ಗೋಡೆ ಖಾಲಿ ಇರಬೇಕು, ಕಕ್ಕಸು ಆ ಕಡೆ ಇರಬಾರದು.

"ನನಗೆ ಹೇಳಬೇಕಾ!" ಎಂದು ಅವರ ಮೆಸೇಜ್ ಬಂತು. "ನಮ್ಮ ಕಿನ್ನಿಗೋಳಿಯಲ್ಲಿ ಪಕ್ಕದ ಮನೆಯವರೇ ಬ್ಯಾರಿಗಳು. ಅವರು ಮನೆ ಕಟ್ಟುವಾಗ ಮೇಸ್ತ್ರಿ ಕಕ್ಕಸನ್ನು ಪಡುವಿಗೆ ಇಟ್ಟ ಅಂತ ಗೋಡೆಯನ್ನೇ ಕೆಡವಿಸಿದ್ದನ್ನು ಕಣ್ಣಾರೆ ಕಂಡವ ನಾನು. ನೀವು ನಿಶ್ಚಿಂತೆಯಲ್ಲಿರಿ. ಉಮ್ಮನಿಗೆ ಹೇಳಿ, ರುಡೊಲ್ಫ್ ಇರುವಾಗ ಪಡು ತಪ್ಪುವುದಿಲ್ಲ."

ಮನುಷ್ಯ ಹೇಳಿದಂತೆ ನಡೆದರು. ರಜೆಯ ದಿನಗಳಲ್ಲೆಲ್ಲ ಮನೆ ಹುಡುಕಿದರು. ಒಂದು ಮನೆಯಲ್ಲಿ ಕೋಣೆಗಳು ವಿಶಾಲ, ಆದರೆ ಪಡುವಿಗೆ ಕಕ್ಕಸು, ತಿರಸ್ಕಾರ. ಇನ್ನೊಂದರಲ್ಲಿ ಪಡುವಿಗೆ ಹಂದಿ ಸಾಕುವವನ ಕೊಟ್ಟಿಗೆ, ಅದಂತೂ ಕೇಳುವುದೇ ಬೇಡ. ಮತ್ತೊಂದರಲ್ಲಿ ಮಾಲೀಕನನ್ನು ಕೋಣೆಯ ನಡುವೆ ನಿಲ್ಲಿಸಿ ಸೂರ್ಯ ಮುಳುಗುವುದು ಯಾವ ಕಡೆ ಎಂದು ಸಂಜೆಯ ತನಕ ಕಾದಿದ್ದರಂತೆ. ಆ ಫೋಟೋಗಳನ್ನು ನೋಡಿ ಮಾಮಿ ತಲೆಯಾಡಿಸುತ್ತಿದ್ದರು. "ಪೊರ್ಬು ನಮ್ಮವರಿಗಿಂತ ಹೆಚ್ಚು ನೋಡ್ತಾರೆ" ಎನ್ನುತ್ತಿದ್ದರು. ಅವರ ಮುಖದಲ್ಲಿ ಒಂದು ಗೆಲುವು ಬರತೊಡಗಿತ್ತು. ಜೀಗುಜ್ಜೆಯ ಪೋಡಿ, ಅಂದರೆ ಬಜ್ಜಿ, ಮಾಡಲು ಅಲ್ಲಿ ಕಡಲೆಹಿಟ್ಟು ಸಿಗುತ್ತದೋ ಎಂದು ಒಂದು ದಿನ ಅವರಾಗಿಯೇ ಕೇಳಿದರು. ನಾನು ಅಡುಗೆಮನೆಗೆ ಹೋಗಿ ಒಬ್ಬಳೇ ನಕ್ಕು ಬಂದೆ.

ಕೊನೆಗೆ ಸಿಕ್ಕಿದ್ದು ಮಿಸೆಸ್ ಜೋಸೆಫ್‌ರ ಮನೆ. ರಿಟೈರಾದ ಟೀಚರು, ದ್ವೀಪದಲ್ಲೇ ಹುಟ್ಟಿ ಬೆಳೆದವರು. ತಮ್ಮ ಮನೆಯ ಪಕ್ಕದ ಚಿಕ್ಕ ಮನೆಯನ್ನು ಬಾಡಿಗೆಗೆ ಕೊಡುವವರಿದ್ದರು. ಹಳದಿ ಗೋಡೆ, ಎದುರಿಗೆ ಮಾವು, ಹಿಂದೆ ಜೀಗುಜ್ಜೆ, ಪ್ಲಾಂಟಿಗೆ ಐದು ನಿಮಿಷದ ದಾರಿ. ಫೋಟೋ ನೋಡಿ ನನಗೆ ಬಾಯಲ್ಲಿ ನೀರು ಬಂತು. ರುಡೊಲ್ಫ್‌ರ ದನಿ ಮಾತ್ರ ಸೋತಿತ್ತು. "ಎಲ್ಲ ಸರಿ ಉಂಟು ಮಾರಾಯ್ರೆ, ಕಕ್ಕಸು ಪಡುವಿಗೆ. ಸರಿಯಾಗಿ ಪಡುವಿಗೆ. ನಾನು ಬೇಡ ಅಂದೆ."

ಮಿಸೆಸ್ ಜೋಸೆಫ್ ಬಿಡಲಿಲ್ಲವಂತೆ. ಇಷ್ಟು ಒಳ್ಳೆಯ ಮನೆಯನ್ನು ಯಾಕೆ ಬೇಡ ಎನ್ನುತ್ತೀರಿ, ಕಾರಣ ಹೇಳಿ ಎಂದರು. ರುಡೊಲ್ಫ್ ವಿವರವಾಗಿ ಹೇಳಿದರು. ಅವರು ಮುಸ್ಲಿಮರು, ಮಕ್ಕದ ಕಡೆ ತಿರುಗಿ ಪ್ರಾರ್ಥನೆ ಮಾಡುವವರು, ಪಡುವಿಗೆ ಕಕ್ಕಸು ಇದ್ದರೆ ಅವರಿಗೆ ಆಗುವುದಿಲ್ಲ. ಟೀಚರು ಕನ್ನಡಕದ ಮೇಲಿಂದ ಇವರನ್ನು ನೋಡಿ ಕೇಳಿದ್ದು ಇಷ್ಟೇ: "ಮಗೂ, ಮಕ್ಕ ಇರುವುದು ನಮ್ಮಿಂದ ಪೂರ್ವಕ್ಕಲ್ಲವೇ?"

ರುಡೊಲ್ಫ್‌ರ ಆ ದಿನದ ಮೆಸೇಜಿನಲ್ಲಿ ಮೊದಲ ಅರ್ಧ ನಗುವೇ. "ಅಟ್ಲಾಂಟಿಕ್ ದಾಟಿದ ಮೇಲೆ ಮಕ್ಕ ಹಿಂದೆ ಉಳಿಯಿತಲ್ಲ ಮಾರಾಯ್ರೆ! ಇಲ್ಲಿ ಸಿಗುವ ನಾಲ್ಕು ಮುಸ್ಲಿಮರನ್ನು ಕೇಳಿದ್ದರೂ ಗೊತ್ತಾಗ್ತಿತ್ತು. ನನ್ನ ತಲೆಯಲ್ಲಿ ಕಿನ್ನಿಗೋಳಿ ಕೂತಿದೆ. ಎಷ್ಟು ಒಳ್ಳೆ ಮನೆಗಳನ್ನು ಬಿಟ್ಟೆ! ಈ ಮನೆಯಾದರೂ ಹಿಡಿಯುವಾ. ಈ ವಾರ ಕಳೆಯುವುದರೊಳಗೆ ಹೇಳಬೇಕಂತೆ."

ಶಹೀರ್ ಫೋನ್ ತೆಗೆದು ನೋಡಿದ. ನಮಾಝಿನ ದಿಕ್ಕು ತೋರಿಸುವ ಆ್ಯಪ್ ಅದರಲ್ಲಿ ಎಷ್ಟೋ ವರ್ಷದಿಂದ ಇತ್ತು. ಆಂಟಿಗಾ ಎಂದು ಒತ್ತಿದರೆ ಬಾಣ ಮೂಡಣಕ್ಕೆ, ಸ್ವಲ್ಪ ಉತ್ತರಕ್ಕೆ ವಾಲಿ ನಿಂತಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದೆವು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಶಹೀರ್ ಮಾತ್ರ, "ನನಗೆ ಗೊತ್ತಿತ್ತು, ಅಲ್ಲಿಗೆ ಹೋದ ಮೇಲೆ ಹೇಳುವ ಅಂತಿದ್ದೆ" ಎಂದ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ.

ನಗು ನಿಲ್ಲಿಸಿ ನೋಡಿದರೆ ಮಾಮಿ ನಗುತ್ತಿರಲಿಲ್ಲ.

"ಮೂಡಿಗಾ?" ಎಂದರು. "ಪಡುವಿಗೆ ಬೆನ್ನು ಹಾಕಿ ನಮಾಝಾ?"

"ಅಲ್ಲಿ ಅದೇ ಸರಿಯಾದ ದಿಕ್ಕು ಉಮ್ಮ" ಎಂದ ಶಹೀರ್. "ಇಲ್ಲಿ ಪಡು ಹೇಗೋ, ಅಲ್ಲಿ ಮೂಡು ಹಾಗೆ."

"ನಿನಗೆ ಎಲ್ಲ ಒಂದೇ" ಎಂದು ಮಾಮಿ ಎದ್ದು ಒಳಗೆ ಹೋದರು. ಮರುದಿನ ಚಹಾ ಕುಡಿಯುವಾಗ ಮಗನಿಗೆ ಹೇಳಿದರು, "ನನಗೆ ಮಂಗಳೂರಿಗೆ ಟಿಕೆಟ್ ಮಾಡು. ಖಲಾಸ್. ಇನ್ನು ಅದರ ಮಾತು ಬೇಡ."

ಶಹೀರ್ ಬ್ಯಾಗು ಎತ್ತಿಕೊಂಡು ಡ್ಯೂಟಿಗೆ ಹೋದ. ಅವನದು ಯಾವಾಗಲೂ ಅದೇ, ಮಾತು ಬಂದಾಗ ಶಿಫ್ಟ್ ಬರುತ್ತದೆ. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಜೀಗುಜ್ಜೆಯ ಪೋಡಿಯವರೆಗೆ ಬಂದಿದ್ದವರನ್ನು ಒಂದು ಬಾಣ ತಿರುಗಿಸಿಬಿಟ್ಟಿತಲ್ಲ! ಮಾಮಿ ಸಿಂಕಿನ ಎದುರು ನಿಂತು ಬಂಗುಡೆ ಕೊಯ್ಯುತ್ತಿದ್ದರು. ನಾನು ಹಿಂದೆ ನಿಂತು ಶುರು ಮಾಡಿದೆ.

"ದಿಕ್ಕಿಗೆ ಬೇಕಾಗಿ ನಮ್ಮನ್ನು ಬಿಡ್ತೀರಾ? ನಮಾಝ್ ದಿಕ್ಕಿಗಾ, ಅಲ್ಲಾಹನಿಗಾ? ಉಳ್ಳಾಲದಲ್ಲಿ ಎಂಥ ಉಂಟು ನಿಮಗೆ? ಮಗಳಿಗೆ ಅವಳ ಮಕ್ಕಳಿದ್ದಾರೆ, ಅತ್ತೆ ಇದ್ದಾರೆ. ನನಗೆ ಯಾರಿದ್ದಾರೆ? ಹೇಳಿ, ನನಗೆ ಯಾರಿದ್ದಾರೆ?"

ಇಷ್ಟು ಜೋರಾಗಿ ನಾನು ಅವರ ಎದುರು ಎಂದೂ ಮಾತಾಡಿದ್ದಿಲ್ಲ. ಮಾಮಿ ನಲ್ಲಿ ನಿಲ್ಲಿಸಿದರು. ಕೈಯಲ್ಲಿ ಮೀನು ಹಾಗೇ ಇತ್ತು.

"ಉಳ್ಳಾಲದಲ್ಲಿ ನಿನ್ನ ಮಾಮ ಇದ್ದಾರೆ" ಎಂದರು.

ನನಗೆ ಅರ್ಥವಾಗಲಿಲ್ಲ. ಅವರ ಖಬರು ಇರುವುದು ಇಲ್ಲೇ, ಮೂರು ರಸ್ತೆ ಆಚೆ.

"ಉಳ್ಳಾಲದ ಮನೆಯಲ್ಲಿ ಪಡುವಿಗೆ ನಿಂತರೆ ಎದುರಿಗೆ ಕಡಲು" ಎಂದು ಮಾಮಿ ನಿಧಾನವಾಗಿ ಹೇಳಿದರು. "ಕಡಲಾಚೆ ಅಬುಧಾಬಿ, ಅದರ ಆಚೆ ಮಕ್ಕ. ಇವರು ದುಡಿಯಲಿಕ್ಕೆ ಬಂದ ದಿವಸದಿಂದ ನಾನು ನಮಾಝಿಗೆ ನಿಂತರೆ ದಾರಿಯಲ್ಲಿ ಇವರಿದ್ದಾರೆ ಅಂತಲೇ ನಿಲ್ಲುವುದು. ತಪ್ಪಾದರೆ ಅಲ್ಲಾಹ್ ಕ್ಷಮಿಸಲಿ. ಈ ಮನೆಯನ್ನು ನಾನು ಬೇಕು ಅಂದದ್ದೂ ಅದಕ್ಕೇ. ಇಲ್ಲಿಂದ ಖಬರಸ್ಥಾನ ಪಡುವಿಗೆ ಉಂಟು. ನೀವು ಬಾಡಿಗೆ ಅಂತ ತಿಳಿದಿರಿ, ನಾನೂ ಸುಮ್ಮನಾದೆ."

"ಹಾಗಾದರೆ ಪಡು ಗೋಡೆ ಸರಿ ಇದ್ದರೆ ಬರ್ತೇನೆ ಅಂತ ಯಾಕೆ ಹೇಳಿದಿರಿ?"

"ನೀನು ಅಷ್ಟು ಕೇಳ್ತಿದ್ದೆಯಲ್ಲ. ಆ ದ್ವೀಪ ಮಕ್ಕದಿಂದಲೂ ಎಷ್ಟೋ ಪಡುವಿಗೆ ಅಂತ ಶಹೀರ್ ಹೇಳಿದ್ದ. ಅಲ್ಲಿ ಪಡುವಿಗೆ ನಿಂತರೆ ಇವರು ಬೆನ್ನ ಹಿಂದೆ ಆಗ್ತಾರೆ ಅಂತ ಗೊತ್ತಿತ್ತು. ನಿನಗೆ ಬೇಕಾಗಿ ಅದನ್ನೂ ಸಹಿಸುವಾ ಅಂತಿದ್ದೆ. ಈಗ ನೋಡಿದರೆ ದಿಕ್ಕೇ ತಲೆಕೆಳಗು. ಯಾರು ಎಲ್ಲಿದ್ದಾರೆ ಅಂತ ನನಗೆ ಅಲ್ಲಿ ಗೊತ್ತಾಗಲಿಕ್ಕಿಲ್ಲ ಮುಬೀನ. ಈ ಪ್ರಾಯದಲ್ಲಿ ನನ್ನಿಂದ ಆಗುವುದಿಲ್ಲ."

ಅವರು ಅಂದುಕೊಂಡದ್ದರಲ್ಲಿ ಇದ್ದ ತಪ್ಪು ಆಗ ನನಗೂ ಹೊಳೆಯಲಿಲ್ಲ. ಕಣ್ಣು ಒರೆಸಿಕೊಂಡು ಅವರ ಕೈಯಿಂದ ಮೀನು ತೆಗೆದುಕೊಂಡೆ. ಸಂಜೆ ಶಹೀರ್‌ಗೆ ಹೇಳಿ ಮಂಗಳೂರಿನ ಟಿಕೆಟ್ ನೋಡಿಸಿದೆ. ರುಡೊಲ್ಫ್‌ರಿಗೆ 'ಇಬ್ಬರೇ' ಎಂದು ಬರೆದೆ. 'ಅಯ್ಯೋ, ಉಮ್ಮ?' ಎಂದು ಒಂದೇ ಮಾತು ಬಂತು. ಹರಿಕಥೆಯವರು ಇಷ್ಟು ಚಿಕ್ಕದಾಗಿ ಹೇಳಿದ್ದು ಅದೇ ಮೊದಲು.

ಶುಕ್ರವಾರ ಎಂದಿನಂತೆ ಜುಮಾ ಮುಗಿಸಿ ಖಬರಸ್ಥಾನಕ್ಕೆ ಹೋದೆವು. ಶಹೀರ್ ಒಳಗೆ ಹೋದ. ನಾನೂ ಮಾಮಿಯೂ ಕಾರಿನಲ್ಲಿ ಕೂತೆವು. ಇನ್ನು ಎಷ್ಟು ಶುಕ್ರವಾರ ಎಂದು ಇಬ್ಬರಿಗೂ ಗೊತ್ತಿತ್ತು. ಮಧ್ಯಾಹ್ನದ ಬಿಸಿಲಿಗೆ ಗೋಡೆ ಕಣ್ಣು ಕುಕ್ಕುತ್ತಿತ್ತು. ಮಾಮಿ ಬೆರಳಲ್ಲಿ ತಸ್ಬೀಹ್ ಎಣಿಸುತ್ತಿದ್ದವರು ಅದನ್ನು ನಡುವೆಯೇ ನಿಲ್ಲಿಸಿದರು. ಸೀಟಿನಲ್ಲಿ ಸ್ವಲ್ಪ ತಿರುಗಿ ಗೋಡೆಯತ್ತ ನೋಡಿದರು, ಆಮೇಲೆ ನಾವು ಬಂದ ದಾರಿಯತ್ತ ನೋಡಿದರು, ಮತ್ತೆ ಗೋಡೆ. ಹೀಗೆ ಎರಡು ಮೂರು ಸಲ. ನಾನು ಕತ್ತು ನೋವೆಂದು ತಿಳಿದೆ.

ಶಹೀರ್ ಚಪ್ಪಲಿಯ ಮರಳು ಕೊಡವಿ ಕಾರು ಹತ್ತಿದ. "ಯಲ್ಲಾ, ಹೋಗುವಾ" ಎಂದು ಗೇರಿಗೆ ಕೈ ಹಾಕಿದ.

"ನಿಲ್ಲು" ಎಂದರು ಮಾಮಿ. "ಬಾಪನ ಮುಖ ಯಾವ ಕಡೆಗೆ ಉಂಟು?"

"ಯಾವ ಕಡೆ ಅಂದರೆ? ಮಕ್ಕದ ಕಡೆ. ಪಡುವಿಗೆ."

"ಆ ದ್ವೀಪ ಮಕ್ಕದಿಂದ ಆಚೆಗೆ. ಪಡುವಿಗೇ."

"ಹೌದು. ತುಂಬ ಆಚೆ."

"ಅಲ್ಲಿ ನಾನು ನಮಾಝಿಗೆ ಮೂಡಿಗೆ ನಿಂತರೆ ಎದುರಿಗೆ ಮಕ್ಕ. ಅದರ ಆಚೆ?"

ಶಹೀರ್ ಫೋನ್ ತೆಗೆಯಲು ಜೇಬಿಗೆ ಕೈ ಹಾಕಿದ. ನಾನು ಹೇಳಿದೆ, "ಅದರ ಆಚೆ ಅಬುಧಾಬಿ. ಅದರ ಆಚೆ ಉಳ್ಳಾಲ. ಎಲ್ಲರೂ ಎದುರಿಗೇ ಇದ್ದಾರೆ ಮಾಮಿ, ಯಾರೂ ಬೆನ್ನ ಹಿಂದೆ ಇಲ್ಲ."

"ಅದಲ್ಲ" ಎಂದು ಮಾಮಿ ನನ್ನ ಮಾತನ್ನು ಕೈಯಲ್ಲಿ ತಳ್ಳಿದರು. "ಇವರು ಮಕ್ಕದ ಕಡೆ ಮುಖ ಮಾಡಿ ಪಡುವಿಗೆ ಮಲಗಿದ್ದಾರೆ. ನಾನು ಮಕ್ಕದ ಕಡೆ ಮುಖ ಮಾಡಿ ಮೂಡಿಗೆ ನಿಲ್ತೇನೆ. ಮುಖಕ್ಕೆ ಮುಖ ಆಗ್ತದಲ್ಲ."

ಶಹೀರ್ ಎಂಜಿನ್ ನಿಲ್ಲಿಸಿದ.

"ಉಳ್ಳಾಲದಿಂದ ನೋಡಿದರೆ ಇವರ ಬೆನ್ನು" ಎಂದರು ಮಾಮಿ. "ಈ ಬನಿಯಾಸ್‌ನಿಂದಲೂ ಬೆನ್ನೇ. ನನಗೆ ಹೊಳೆದೇ ಇರಲಿಲ್ಲ ನೋಡು. ರಜೆ ಮುಗಿಸಿ ಹೋಗುವಾಗ ನಿನ್ನ ಬಾಪ ಒಮ್ಮೆ ತಿರುಗಿ ನೋಡಿದವರಾ? ತಿರುಗಿ ನೋಡಿದರೆ ಹೋಗಲಿಕ್ಕೆ ಆಗುವುದಿಲ್ಲ ಅಂತಿದ್ದರು. ನನ್ನ ಪ್ರಾಯವೆಲ್ಲ ಆ ಬೆನ್ನು ನೋಡಿಯೇ ಹೋಯಿತು. ಇನ್ನೂ ಉಳ್ಳಾಲಕ್ಕೆ ಹೋಗಿ ಬೆನ್ನು ನೋಡುವುದಾ?"

ಶಹೀರ್ ಸ್ಟೇರಿಂಗ್ ಮೇಲೆ ಹಣೆ ಇಟ್ಟ. ಅವನು ಅಳುವುದನ್ನು ನಾನು ನೋಡಿದ್ದು ಬಾಪ ತೀರಿಕೊಂಡ ದಿನ ಬಿಟ್ಟರೆ ಅದೇ. ನಾನಂತೂ ಮೊದಲೇ ಅತ್ತು ಮುಗಿಸಿದ್ದವಳು, ಈಗ ಇನ್ನೊಂದು ಸುತ್ತು ಶುರು ಮಾಡಿದೆ. ಮಾಮಿಗೆ ಇದೊಂದೂ ಹಿಡಿಸಲಿಲ್ಲ. "ಎಂಥದು ನಿಮ್ಮದು, ಮರಣದ ಮನೆಯ ಹಾಗೆ" ಎಂದು ಗದರಿ, ಸೆರಗಿನ ತುದಿಯನ್ನು ನನ್ನ ಕೈಗೆ ಕೊಟ್ಟರು.

ಬನಿಯಾಸ್‌ನ ದೊಡ್ಡ ರಸ್ತೆಗೆ ಬಂದ ಮೇಲೆ ಕೇಳಿದರು, "ಆ ಟೀಚರ ಮನೆ ಇನ್ನೂ ಉಂಟಾ?"

"ನಾಳೆಯವರೆಗೆ ಉಂಟು."

"ಪೊರ್ಬಿಗೆ ಹೇಳು, ಹಿಡಿಯಲಿ. ಕಕ್ಕಸು ಪಡುವಿಗೆ ಇರುವುದೇ ಒಳ್ಳೆಯದಾಯಿತು. ಮೂಡು ಗೋಡೆ ಖಾಲಿ ಉಂಟಾ ಅಂತ ಮಾತ್ರ ನೋಡಲಿಕ್ಕೆ ಹೇಳು. ಅವರಿಗೆ ಒಂದು ಕಟ್ಟು ಅಲ್ಲ, ಎರಡು ಕಟ್ಟು ಕೋಕಂ ತರಿಸುವಾ."

ನಾನು ಕಾರಿನಲ್ಲೇ ಮೆಸೇಜ್ ಕಳಿಸಿದೆ. ಆಮೇಲೆ ಆ ಗುಂಪು ತೆರೆದು ನನ್ನ ಪರಿಚಯದಲ್ಲಿ 'ಬಹುಶಃ' ಎಂಬ ಮಾತನ್ನೂ 'ಇಬ್ಬರು' ಎಂಬ ಮಾತನ್ನೂ ಅಳಿಸಿ 'ಮೂವರು' ಎಂದಷ್ಟೇ ಉಳಿಸಿದೆ. ಮಾಮಿ ಬಗ್ಗಿ ನೋಡಿದರು. ಇಂಗ್ಲಿಷ್ ಓದಲು ಬಾರದಿದ್ದರೂ ಏನೋ ಕಡಿಮೆಯಿದೆ ಎಂದು ಅವರಿಗೆ ಕಂಡಿತು.

"ಈಗ ನನ್ನದೂ ಬರೆ" ಎಂದರು.

"ಎಂಥ ಬರೆಯಲಿ ಮಾಮಿ?"

"ಹೆಸರು ಬೀಪಾತುಮ್ಮ" ಎಂದು ಮಾಮಿ ಎದುರಿನ ರಸ್ತೆ ನೋಡುತ್ತ ಹೇಳಿದರು. "ಊರು ಉಳ್ಳಾಲ. ಗಂಡ ಅಬುಧಾಬಿಯಲ್ಲಿದ್ದಾರೆ."